ಇಸಿಯು ಆಜ್ಞೆಗೆ ರೇಡಿಯೇಟರ್ ಫ್ಯಾನ್: ವೈರಿಂಗ್ ಮಾಡುವ ಬಗೆ, ಕೆಟ್ಟಾಗ ಹುಡುಕುವ ದಾರಿ

ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತದೆ, ಓಡಲು ಶುರುವಾದ ಎರಡು ನಿಮಿಷಕ್ಕೆ ಇಳಿಯುತ್ತದೆ. ಈ ಲಕ್ಷಣ ಕಂಡರೆ ಅನುಮಾನ ಮೊದಲು ಫ್ಯಾನ್ ಮೇಲೆ ಹೋಗಬೇಕು. ಓಡುವಾಗ ಎದುರುಗಾಳಿಯೇ ರೇಡಿಯೇಟರ್‌ಗೆ ಸಾಕು. ನಿಂತಾಗ ಗಾಳಿ ಎಳೆಯುವುದಕ್ಕೆ ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲ. ಇದಕ್ಕೆ ತಿರುಗಾಮುರುಗಾ ಆಗಿ, ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗಲೇ ಇಂಜಿನ್ ಕಾಯುತ್ತಿದ್ದರೆ ಈ ಲೇಖನ ನಿಮ್ಮ ಕೆಲಸಕ್ಕೆ ಬರುವುದು ಕಡಿಮೆ. ಅಲ್ಲಿ ನೋಡಬೇಕಾದದ್ದು ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಬಿಸಿಗೆ ತೆರೆಯುವ ಕೂಲೆಂಟ್ ಕವಾಟ), ಸವೆದ ವಾಟರ್ ಪಂಪ್.

ಕೆಲಸಕ್ಕೆ ಕೈಹಾಕುವ ಮುನ್ನ ಎರಡು ಎಚ್ಚರಿಕೆ. ಎಲೆಕ್ಟ್ರಿಕ್ ಫ್ಯಾನ್ ಯಾವಾಗ ತಿರುಗುತ್ತದೆಂದು ಹೇಳಲಾಗದು. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಹಲವು ನಿಮಿಷ ಓಡುವಂತೆ ಕಂಪನಿಯೇ ಮಾಡಿರುತ್ತದೆ. ಬ್ಲೇಡ್ ಹತ್ತಿರ ಕೈ ಹಾಕುವುದಿದ್ದರೆ ಫ್ಯಾನ್ ಫ್ಯೂಸ್ ಅಥವಾ ಬ್ಯಾಟರಿಯ ಮೈನಸ್ ತೆಗೆದಿಡಿ. ಇನ್ನೊಂದು, ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಒಳಗಿನ ಕೂಲೆಂಟ್ ಒತ್ತಡದ ಬಲದಿಂದ ಮಾತ್ರ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಅದು ಕುದಿದು ಮುಖಕ್ಕೆ ಎರಚುತ್ತದೆ.

ಆಜ್ಞೆ ಒಂದು ಕಡೆ, ಕರೆಂಟು ಇನ್ನೊಂದು ಕಡೆ

ಇಡೀ ವ್ಯವಸ್ಥೆಯನ್ನು ಎರಡು ದಾರಿಗಳಾಗಿ ನೋಡಿದರೆ ಗೊಂದಲ ಅರ್ಧ ಕರಗುತ್ತದೆ. ಒಂದು ಆಜ್ಞೆಯ ದಾರಿ: ಕೂಲೆಂಟ್ ಸೆನ್ಸರ್ ಬಿಸಿಯನ್ನು ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿಸುತ್ತದೆ, ಇಸಿಯು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕಾಯಿಲ್‌ಗೆ ಅರ್ತ್ ಕೊಡುತ್ತದೆ. ಇನ್ನೊಂದು ಕರೆಂಟಿನ ದಾರಿ: ಬ್ಯಾಟರಿಯಿಂದ ಫ್ಯೂಸ್, ಫ್ಯೂಸ್‌ನಿಂದ ರಿಲೇ, ರಿಲೇಯಿಂದ ಮೋಟರ್, ಮೋಟರ್‌ನಿಂದ ಬಾಡಿ ಅರ್ತ್. ಮೊದಲನೆಯದರಲ್ಲಿ ಹರಿಯುವುದು ಆಂಪಿಯರ್‌ನ ಚೂರು. 12 ವೋಲ್ಟ್ ರಿಲೇಯ ಕಾಯಿಲ್ ಸುಮಾರು 80 ಓಮ್ ಇದ್ದರೆ ಅದು ಎಳೆಯುವುದು 0.15 ಆಂಪಿಯರ್ ಅಷ್ಟೆ. ಎರಡನೆಯದರಲ್ಲಿ ಹರಿಯುವುದು 15ರಿಂದ 30 ಆಂಪಿಯರ್, ಮೋಟರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಇವೆರಡೂ ಭೇಟಿಯಾಗುವ ಏಕೈಕ ಜಾಗ ರಿಲೇ. ಅದಕ್ಕೇ ಹೊಸದಾಗಿ ವೈರಿಂಗ್ ಮಾಡುವಾಗಲೂ, ಕೆಟ್ಟದ್ದನ್ನು ಹುಡುಕುವಾಗಲೂ ನಾನು ನಿಲ್ಲುವುದು ರಿಲೇ ಸಾಕೆಟ್ ಮುಂದೆ.

ಫ್ಯಾನ್ ವೈರನ್ನು ನೇರ ಇಸಿಯು ಪಿನ್ನಿಗೆ ಕೊಟ್ಟವರನ್ನು ನೋಡಿದ್ದೇನೆ. ಇಸಿಯು ಒಳಗಿನ ಡ್ರೈವರ್ ಟ್ರಾನ್ಸಿಸ್ಟರ್ ರಿಲೇ ಕಾಯಿಲ್‌ನಂಥ ಸಣ್ಣ ಹೊರೆಗೆಂದು ಇರುವುದು. ಮೋಟರ್ ಹೊರೆ ಬಿದ್ದರೆ ಅದು ಸುಡುತ್ತದೆ, ಜೊತೆಗೆ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಯೂ ಹೋಗಬಹುದು.

ರಿಲೇ ಪಿನ್ನುಗಳು

ಸಾಮಾನ್ಯ ನಾಲ್ಕು ಕಾಲಿನ ರಿಲೇಯ ತಳದಲ್ಲಿ 30, 87, 85, 86 ಎಂಬ ಅಂಕಿಗಳು ಇರುತ್ತವೆ. 30ಕ್ಕೆ ಬ್ಯಾಟರಿ ಪ್ಲಸ್ ಬರಬೇಕು, 87ರಿಂದ ಫ್ಯಾನ್‌ಗೆ ಹೋಗಬೇಕು. 86 ಕಾಯಿಲ್‌ನ ಪ್ಲಸ್ ತುದಿ, 85 ಮೈನಸ್ ತುದಿ. ಐದನೇ ಕಾಲು 87ಎ ಇದ್ದರೆ ಅದು ರಿಲೇ ಎಳೆಯದಿರುವಾಗ 30ಕ್ಕೆ ಸೇರಿಕೊಂಡಿರುತ್ತದೆ. ನಮ್ಮ ಕೆಲಸಕ್ಕೆ ಅದು ಬೇಡ. ಬರಿದಾಗಿ ಬಿಡದೆ ಟೇಪ್ ಸುತ್ತಿ, ಏಕೆಂದರೆ ಫ್ಯಾನ್ ನಿಂತಿರುವಾಗೆಲ್ಲ ಅದರಲ್ಲಿ ಬ್ಯಾಟರಿ ಪ್ಲಸ್ ಇರುತ್ತದೆ.

ಬಹುತೇಕ ಇಸಿಯುಗಳು ಪ್ಲಸ್ ಕೊಡುವುದಿಲ್ಲ, ಅರ್ತ್ ಕೊಡುತ್ತವೆ. ಹಾಗಾಗಿ 86ಕ್ಕೆ ಕೀ ಆನ್ ಆದಾಗ ಬರುವ ಪ್ಲಸ್, 85ಕ್ಕೆ ಇಸಿಯು ವೈರ್. ನಿಮ್ಮ ಇಸಿಯು ಪ್ಲಸ್ ಕೊಡುವ ಬಗೆಯದ್ದೇ ಎಂಬುದನ್ನು ವೈರಿಂಗ್ ಡಯಾಗ್ರಾಂ ನೋಡಿ ಖಚಿತ ಮಾಡಿಕೊಳ್ಳಿ. ಊಹೆಯ ಮೇಲೆ ಹೋಗುವ ವಿಷಯ ಇದಲ್ಲ.

ಇಲ್ಲಿ ಒಂದು ಸೂಕ್ಷ್ಮ. ಕಾಯಿಲ್‌ಗೆ ಕರೆಂಟು ತಟ್ಟನೆ ನಿಂತಾಗ ಅದು ನೂರು ವೋಲ್ಟಿಗೂ ಮೀರಿದ ಒದೆತವನ್ನು ವಾಪಸ್ ಕೊಡುತ್ತದೆ. ಅದು ಇಸಿಯು ಡ್ರೈವರ್‌ಗೆ ತಾಗದಿರಲಿ ಎಂದು ರಿಲೇಯೊಳಗೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಅಥವಾ ರೆಸಿಸ್ಟರ್ ಇಟ್ಟಿರುತ್ತಾರೆ. ಅಂಥ ರಿಲೇಯನ್ನೇ ಆರಿಸಿ. ಆದರೆ ಡಯೋಡ್ ಇರುವ ರಿಲೇಗೆ ದಿಕ್ಕಿದೆ. 85, 86 ಅದಲುಬದಲಾದರೆ ಕರೆಂಟು ಕಾಯಿಲ್ ಬಿಟ್ಟು ಡಯೋಡ್ ಮೂಲಕವೇ ನುಗ್ಗುತ್ತದೆ, ಇಸಿಯು ಅರ್ತ್ ಕೊಟ್ಟ ಕೂಡಲೇ ಡ್ರೈವರ್ ಮೇಲೆ ನೇರ ಶಾರ್ಟ್ ಬೀಳುತ್ತದೆ. ರೆಸಿಸ್ಟರ್ ಇರುವ ರಿಲೇಗೆ ಈ ಭಯವಿಲ್ಲ. ಹೊಸಬರಿಗೆ ನಾನು ಹೇಳುವುದು ರೆಸಿಸ್ಟರ್ ಬಗೆಯದ್ದನ್ನೇ.

ವೈರಿಂಗ್: ಒಂದೊಂದೇ ಹೆಜ್ಜೆ

ಮೊದಲು ಫ್ಯಾನ್ ಎಷ್ಟು ಕರೆಂಟು ಎಳೆಯುತ್ತದೆಂದು ಅಳೆಯಿರಿ. ಡಿಸಿ ಕ್ಲಾಂಪ್ ಮೀಟರ್ ಇದ್ದರೆ ಫ್ಯಾನನ್ನು ಫ್ಯೂಸ್ ಇರುವ ದಪ್ಪ ವೈರಿನಿಂದ ಬ್ಯಾಟರಿಗೆ ಕೊಟ್ಟು, ವೇಗ ಹಿಡಿದ ಮೇಲೆ ಓದಿ. ಪೆಟ್ಟಿಗೆ ಮೇಲೆ ಬರೆದಿದ್ದಕ್ಕಿಂತ ಈ ಅಂಕಿ ನಂಬಿಕಸ್ಥ. ಮುಂದಿನ ವೈರು, ಫ್ಯೂಸ್, ರಿಲೇ ಎಲ್ಲವೂ ಇದರ ಮೇಲೆ ನಿಲ್ಲುತ್ತವೆ.

ಇದೇ ಹೊತ್ತಿನಲ್ಲಿ ಗಾಳಿ ಯಾವ ಕಡೆ ಹೋಗುತ್ತಿದೆ ನೋಡಿಬಿಡಿ. ರೇಡಿಯೇಟರ್ ಮುಂದೆ ಒಂದು ಹಾಳೆ ಹಿಡಿದರೆ ಅದು ರೇಡಿಯೇಟರ್‌ಗೆ ಅಂಟಬೇಕು, ಗಾಳಿ ಇಂಜಿನ್ ಕಡೆಗೆ ಹರಿಯಬೇಕು. ದಿಕ್ಕು ತಪ್ಪಿದ್ದರೆ ಫ್ಯಾನ್ ಎದುರುಗಾಳಿಯ ಜೊತೆ ಜಗಳಕ್ಕೆ ನಿಂತಂತೆ, ಇಂಜಿನ್ ಇನ್ನೂ ಬೇಗ ಕಾಯುತ್ತದೆ. ವೈರ್ ಅದಲುಬದಲು ಮಾಡಿದರೆ ಮೋಟರ್ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ಸರಿ. ಆದರೆ ಬ್ಲೇಡಿನ ಬಾಗು ಒಂದೇ ದಿಕ್ಕಿಗೆ ಮಾಡಿರುವುದು. ಬ್ಲೇಡ್ ಕೂಡ ಆ ದಿಕ್ಕಿನದ್ದೇ ಆಗಿರಬೇಕು.

ಈಗ ವೈರ್ ದಪ್ಪ. 20 ಆಂಪಿಯರ್ ಫ್ಯಾನ್‌ಗೆ 4 ಚದರ ಮಿಲಿಮೀಟರ್ ವೈರ್ ಹಾಕಿದರೆ, 2 ಮೀಟರ್ ಉದ್ದಕ್ಕೆ ಕಳೆದುಹೋಗುವುದು 0.17 ವೋಲ್ಟ್. ಅದೇ ಉದ್ದಕ್ಕೆ 1 ಚದರ ಮಿಲಿಮೀಟರಿನ ತೆಳು ವೈರ್ ಹಾಕಿದರೆ ಸುಮಾರು 0.7 ವೋಲ್ಟ್ ಹೋಗುತ್ತದೆ, ವೈರ್ ಮೀಟರಿಗೆ 7 ವ್ಯಾಟಿನಷ್ಟು ಬಿಸಿಯಾಗುತ್ತದೆ. ಬಾನೆಟ್ ಒಳಗಿನ ಕಾವಿಗೆ ಅದೂ ಸೇರಿದರೆ ಇನ್ಸುಲೇಷನ್ ಬಾಳುವುದಿಲ್ಲ. 30 ಆಂಪಿಯರ್ ಹತ್ತಿರದ ಫ್ಯಾನ್‌ಗೆ 6 ಚದರ ಮಿಲಿಮೀಟರ್ ಹಾಕಿ. ಕಾಯಿಲ್ ವೈರುಗಳಿಗೆ, ಇಸಿಯು ವೈರಿಗೆ 0.5 ಅಥವಾ 0.75 ಸಾಕು.

ಫ್ಯೂಸ್ ವೈರನ್ನು ಕಾಪಾಡಲು ಇರುವುದು, ಫ್ಯಾನನ್ನಲ್ಲ. ಹಾಗಾಗಿ ಅದು ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಫ್ಯಾನ್ ಬಳಿ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರ್ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ತಡೆಯುವವರಿಲ್ಲ. ಓಡುವ ಕರೆಂಟಿನ ಒಂದೂಕಾಲರಿಂದ ಒಂದೂವರೆ ಪಟ್ಟು ಲೆಕ್ಕ ಹಿಡಿಯಿರಿ: 20 ಆಂಪಿಯರ್ ಫ್ಯಾನ್‌ಗೆ 30, 30ರ ಫ್ಯಾನ್‌ಗೆ 40. ಅದಕ್ಕೂ ಮೇಲಿನ ಫ್ಯೂಸ್ ಬೇಕೆನಿಸಿದರೆ ಫ್ಯಾನ್ ಮೋಟರ್ ಪರೀಕ್ಷೆಗೆ ಬಂದಿದೆ ಎಂದು ತಿಳಿಯಿರಿ.

ರಿಲೇಯನ್ನು ಇಂಜಿನ್ನಿಗೆ ಅಂಟಿಸಿದಂತೆ ಕೂರಿಸಬೇಡಿ. ಬಾನೆಟ್ ಒಳಗೆ ತಣ್ಣಗಿನ ಮೂಲೆ ನೋಡಿ, ಕಾಲುಗಳು ಕೆಳಮುಖವಾಗಿರುವಂತೆ ಹಾಕಿ, ನೀರು ಒಳಗೆ ನಿಲ್ಲುವುದಿಲ್ಲ. ಲಗ್‌ಗಳನ್ನು (ವೈರ್ ತುದಿಯ ಲೋಹದ ಬಿಲ್ಲೆ) ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿ. ಕಟಿಂಗ್ ಪ್ಲಯರ್‌ನಲ್ಲಿ ಜಜ್ಜಿದ ಲಗ್ ಮೊದಲ ಮಳೆಗಾಲಕ್ಕೇ ಹಸಿರು ಹಿಡಿಯುತ್ತದೆ.

ಅರ್ತ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಪ್ಲಸ್ ವೈರಿಗೆ ಕೊಟ್ಟ ಗಮನದ ಕಾಲುಭಾಗವೂ ಅರ್ತ್ ವೈರಿಗೆ ಸಿಗುವುದಿಲ್ಲ. ಆದರೆ ಹೋದ ಕರೆಂಟು ಅಷ್ಟೂ ವಾಪಸ್ ಬರಬೇಕಾದದ್ದು ಅದರಲ್ಲೇ. ಅದೇ ದಪ್ಪದ ವೈರ್ ಹಾಕಿ, ಬಾಡಿಯ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಸೆನ್ಸರ್‌ಗಳ ಅರ್ತ್ ಬಂದು ಸೇರುವ ಬೋಲ್ಟಿಗೆ ಮಾತ್ರ ಫ್ಯಾನ್ ಅರ್ತ್ ಕೊಡಬೇಡಿ. ಫ್ಯಾನ್ ಆನ್ ಆದಾಗ ಆ ಬೋಲ್ಟಿನಲ್ಲಿ 0.1 ವೋಲ್ಟ್ ಏರಿದರೂ ಸೆನ್ಸರ್ ಹೇಳುವ ಲೆಕ್ಕ ತಪ್ಪುತ್ತದೆ, ಇಸಿಯು ಇಲ್ಲದ ಬಿಸಿಯನ್ನು ಅಥವಾ ಇಲ್ಲದ ತಂಪನ್ನು ನಂಬುತ್ತದೆ.

86ಕ್ಕೆ ಬರುವ ಪ್ಲಸ್ ಎಲ್ಲಿಂದ ತೆಗೆಯಬೇಕು? ಕೀ ಆಫ್ ಮಾಡಿದಾಗ ಸಾಯುವ, ಇಸಿಯುಗೆ ಕರೆಂಟು ಕೊಡುವ ಮುಖ್ಯ ರಿಲೇಯ ಹೊರದಾರಿಯಿಂದ, ಒಂದು ಸಣ್ಣ ಫ್ಯೂಸ್ ಮೂಲಕ. ಕಂಪನಿಯದ್ದು ಬಿಟ್ಟು ಹೊರಗಿನ ಇಸಿಯು ಹಾಕಿದವರು ಇದನ್ನು ಬ್ಯಾಟರಿಯಿಂದ ನೇರ ಎಳೆದುಬಿಡುತ್ತಾರೆ. ಆಗ ವಿಚಿತ್ರವೊಂದು ನಡೆಯುತ್ತದೆ: ಕೀ ಆಫ್ ಮಾಡಿದರೂ ಇಸಿಯು ಸಾಯುವುದಿಲ್ಲ. ಬ್ಯಾಟರಿ ಕರೆಂಟು ರಿಲೇ ಕಾಯಿಲ್ ಮೂಲಕ ಇಸಿಯುವಿನ ಫ್ಯಾನ್ ಪಿನ್ನಿಗೆ ಬಂದು, ಒಳಗಿನ ರಕ್ಷಣಾ ಡಯೋಡ್ ಹತ್ತಿ, ಇಸಿಯುವಿನ ಸ್ವಂತ 12 ವೋಲ್ಟ್ ಲೈನಿಗೆ ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಕುಸಿದಿರುತ್ತದೆ, ಕಾರಣ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಎಷ್ಟು ಡಿಗ್ರಿಗೆ ಆನ್, ಎಷ್ಟಕ್ಕೆ ಆಫ್

ಕಂಪನಿ ಇಸಿಯು ಇದ್ದವರು ಈ ಭಾಗ ದಾಟಬಹುದು. ಟ್ಯೂನ್ ಮಾಡಬಹುದಾದ ಇಸಿಯು ಇದ್ದವರಿಗೆ ಒಂದೇ ಮುಖ್ಯ ನಿಯಮ: ಫ್ಯಾನ್ ಆಫ್ ಆಗುವ ಡಿಗ್ರಿ ಥರ್ಮೋಸ್ಟಾಟ್ ತೆರೆಯಲು ಶುರುವಾಗುವ ಡಿಗ್ರಿಗಿಂತ ಮೇಲಿರಬೇಕು. 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯುವ ಥರ್ಮೋಸ್ಟಾಟ್ ಪೂರ್ತಿ ತೆರೆಯಲು ಇನ್ನೂ ಹತ್ತು ಹದಿಮೂರು ಡಿಗ್ರಿ ಬೇಕು. ಅಂಥದ್ದಕ್ಕೆ 95ಕ್ಕೆ ಆನ್, 90ಕ್ಕೆ ಆಫ್ ಎಂದು ಇಟ್ಟರೆ ಸರಿಹೋಗುತ್ತದೆ. 88ರ ಥರ್ಮೋಸ್ಟಾಟ್ ಆದರೆ 99ಕ್ಕೆ ಆನ್, 94ಕ್ಕೆ ಆಫ್. ತಂಪಾಗಿರಲಿ ಎಂದು 80ಕ್ಕೆ ಆಫ್ ಎಂದು ಕೊಟ್ಟರೆ ಥರ್ಮೋಸ್ಟಾಟ್ ಅಷ್ಟು ಕೆಳಗಿಳಿಯಲು ಬಿಡುವುದಿಲ್ಲ. ಫ್ಯಾನ್ ಒಮ್ಮೆ ಶುರುವಾದರೆ ನಿಲ್ಲುವುದೇ ಇಲ್ಲ. ಆನ್ ಮತ್ತು ಆಫ್ ನಡುವೆ ನಾಲ್ಕೈದು ಡಿಗ್ರಿ ಅಂತರವೂ ಇರಲಿ, ಇಲ್ಲದಿದ್ದರೆ ರಿಲೇ ಸೆಕೆಂಡಿಗೊಮ್ಮೆ ಟಕಟಕ ಎನ್ನುತ್ತದೆ.

ಸ್ಟಾರ್ಟರ್ ತಿರುಗುವಾಗ ಫ್ಯಾನ್ ಬಂದ್ ಆಗಿರುವಂತೆ, ಏಸಿ ಆನ್ ಆದಾಗ ಫ್ಯಾನ್ ಬರುವಂತೆ ಕೊಡಿ. ಐಡಲ್ (ನಿಂತಾಗಿನ ಇಂಜಿನ್ ವೇಗ) ಏರಿಸುವ ಸೌಲಭ್ಯವಿದ್ದರೆ ಅದನ್ನೂ ಜೋಡಿಸಿ: 25 ಆಂಪಿಯರ್ ಎಂದರೆ 300 ವ್ಯಾಟ್, ಆಲ್ಟರ್ನೇಟರ್ ಅದನ್ನು ಒದಗಿಸಲು ಇಂಜಿನ್‌ನಿಂದ 500 ವ್ಯಾಟ್ ಮೇಲೆ ಕಿತ್ತುಕೊಳ್ಳುತ್ತದೆ. ಐಡಲ್‌ನಲ್ಲಿರುವ ಸಣ್ಣ ಇಂಜಿನ್ ಅಷ್ಟಕ್ಕೇ ಮುಗ್ಗರಿಸುತ್ತದೆ.

ಎರಡು ವೇಗ, ಪಿಡಬ್ಲ್ಯೂಎಂ

ಎರಡು ವೇಗದ ಫ್ಯಾನ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ನಿಧಾನ ವೇಗಕ್ಕೆ ದೊಡ್ಡ ರೆಸಿಸ್ಟರ್ ಇರುತ್ತದೆ. ಇದು ಸುಟ್ಟುಹೋಗುವುದು ಸಾಮಾನ್ಯ. ಆಗ ನಿಧಾನ ವೇಗ ಮಾಯವಾಗಿ, ಇಂಜಿನ್ ತುಂಬ ಕಾದ ಮೇಲೆ ಫ್ಯಾನ್ ಒಮ್ಮೆಲೇ ಭೋರೆಂದು ಶುರುವಾಗುತ್ತದೆ. ಫ್ಯಾನ್ ಬರುತ್ತಿದೆಯಲ್ಲ ಎಂದು ಸುಮ್ಮನಾಗಬೇಡಿ. ಇನ್ನೊಂದು ಬಗೆಯಲ್ಲಿ ಎರಡು ಫ್ಯಾನ್, ಮೂರು ರಿಲೇ. ನಿಧಾನಕ್ಕೆ ಎರಡೂ ಫ್ಯಾನ್ ಸಾಲಾಗಿ ಜೋಡಣೆಯಾಗಿ ತಲಾ ಅರ್ಧ ವೋಲ್ಟೇಜ್ ಹಂಚಿಕೊಳ್ಳುತ್ತವೆ, ಜೋರಿಗೆ ಎರಡಕ್ಕೂ ಪೂರ್ತಿ 12 ವೋಲ್ಟ್ ಸಿಗುತ್ತದೆ. ಇಂಥದ್ದರಲ್ಲಿ ಒಂದು ಮೋಟರ್ ಕೆಟ್ಟರೂ ನಿಧಾನ ವೇಗದಲ್ಲಿ ಎರಡೂ ನಿಲ್ಲುತ್ತವೆ.

ಹೊಸ ಗಾಡಿಗಳಲ್ಲಿ ರಿಲೇ ಬದಲು ಫ್ಯಾನ್ ಜೊತೆಗೇ ಒಂದು ಮಾಡ್ಯೂಲ್ ಇರುತ್ತದೆ. ಇಸಿಯು ಅದಕ್ಕೆ ಪಿಡಬ್ಲ್ಯೂಎಂ (ಸೆಕೆಂಡಿಗೆ ಹಲವು ಸಲ ಆನ್-ಆಫ್ ಆಗುವ) ಸಂಕೇತ ಕಳಿಸಿ ಎಷ್ಟು ವೇಗ ಬೇಕೋ ಅಷ್ಟನ್ನು ಕೇಳುತ್ತದೆ. ಇದರ ಲಾಭ ದೊಡ್ಡದು: ಫ್ಯಾನನ್ನು ಅರ್ಧ ವೇಗದಲ್ಲಿ ಓಡಿಸಲು ಬೇಕಾಗುವುದು ಪೂರ್ತಿ ವೇಗದ ಶಕ್ತಿಯ ಎಂಟನೇ ಒಂದು ಭಾಗದಷ್ಟು. ಸಂಕೇತದ ವೈರ್ ತುಂಡಾದರೆ ಇಂಥ ಹಲವು ಮಾಡ್ಯೂಲುಗಳು ಇಂಜಿನ್ ಉಳಿಸಲೆಂದು ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತವೆ. ಕೀ ಹಾಕಿದ ಕೂಡಲೇ ಫ್ಯಾನ್ ಅಬ್ಬರಿಸಿದರೆ ಮೊದಲು ಆ ವೈರ್ ನೋಡಿ. ಸಾಮಾನ್ಯ ರಿಲೇಗೆ ಮಾತ್ರ ಪಿಡಬ್ಲ್ಯೂಎಂ ಸಂಕೇತ ಕೊಡಬಾರದು. ಅದರ ಕಾಂಟ್ಯಾಕ್ಟ್‌ಗಳು ಬಡಿದುಕೊಂಡು ಸುಡುತ್ತವೆ.

ಫ್ಯಾನ್ ಬರುತ್ತಿಲ್ಲ: ಎಲ್ಲಿಂದ ಶುರು?

ಸ್ಕ್ಯಾನರ್ ಹಾಕಿ ಕೋಡ್ (ಇಸಿಯು ಬರೆದಿಟ್ಟ ದೋಷದ ಸಂಖ್ಯೆ) ಓದುವುದು ಎಲ್ಲರೂ ಮಾಡುತ್ತಾರೆ. ಅದು ಏನು ಹೇಳುತ್ತಿದೆ ಎಂದು ಅರ್ಥಮಾಡಿಕೊಳ್ಳುವವರು ಕಡಿಮೆ. ಪಿ0480 ಎಂದರೆ ಮೊದಲ ಫ್ಯಾನಿನ ನಿಯಂತ್ರಣ ಸರ್ಕ್ಯೂಟಿನ ದೋಷ, ಪಿ0481 ಎರಡನೆಯದರದ್ದು. ರಿಲೇ ಇರುವ ಗಾಡಿಯಲ್ಲಿ ಇಸಿಯು ನೋಡುವುದು ತನ್ನ ಪಿನ್ನಿನ ವೋಲ್ಟೇಜ್ ಮಾತ್ರ. ತಾನು ಅರ್ತ್ ಬಿಟ್ಟಾಗ ಕಾಯಿಲ್ ಮೂಲಕ 12 ವೋಲ್ಟ್ ಕಾಣಬೇಕು, ಅರ್ತ್ ಕೊಟ್ಟಾಗ ಸೊನ್ನೆ ಹತ್ತಿರ ಬೀಳಬೇಕು. ಹಾಗಾಗದಿದ್ದರೆ ಕೋಡ್. ಅಂದರೆ ಈ ಕೋಡ್ ಬಂದರೆ ತಪ್ಪು ಇರುವುದು ಆಜ್ಞೆಯ ದಾರಿಯಲ್ಲಿ: ಕಾಯಿಲ್, 86ರ ಪ್ಲಸ್, ಇಸಿಯು ವೈರ್. ಮೋಟರ್ ಪೂರ್ತಿ ಸತ್ತಿದ್ದರೂ, ದೊಡ್ಡ ಫ್ಯೂಸ್ ಹಾರಿದ್ದರೂ ಇಸಿಯುಗೆ ಗೊತ್ತಾಗುವುದಿಲ್ಲ. ಕೋಡ್ ಬಾರದೆಯೇ ಇಂಜಿನ್ ಕುದಿಯುತ್ತದೆ. ಪಿ0480 ನೋಡಿ ಫ್ಯಾನ್ ಮೋಟರ್ ಬದಲಿಸಿದ ಗಾಡಿಗಳು ಎಷ್ಟೋ. ಕೋಡ್ ಇಲ್ಲ ಎಂದು ಫ್ಯಾನ್ ಸರಿಯಿದೆ ಅಂದುಕೊಂಡವೂ ಅಷ್ಟೇ.

ಇಡೀ ಸರಪಳಿಯನ್ನು ಒಂದೇ ಏಟಿಗೆ ಅರ್ಧ ಮಾಡುವ ಪರೀಕ್ಷೆಯೊಂದಿದೆ. ಇಂಜಿನ್ ಓಡುತ್ತಿರಲಿ, ಕೂಲೆಂಟ್ ಸೆನ್ಸರ್‌ನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಎಳೆಯಿರಿ. ಸೆನ್ಸರ್ ಕಾಣೆಯಾದರೆ ಬಹಳಷ್ಟು ಇಸಿಯುಗಳು ಬಿಸಿ ಎಷ್ಟೆಂದು ಗೊತ್ತಿಲ್ಲದ ಕಾರಣ ಸುರಕ್ಷತೆಗಾಗಿ ಫ್ಯಾನ್ ಹಾಕಿಬಿಡುತ್ತವೆ. ಫ್ಯಾನ್ ಬಂತೋ, ಮೋಟರ್, ರಿಲೇ, ಫ್ಯೂಸ್, ಅರ್ತ್, ಇಸಿಯು ಡ್ರೈವರ್ ಎಲ್ಲವೂ ಜೀವಂತ ಇವೆ. ತಪ್ಪು ಸೆನ್ಸರ್ ಅಥವಾ ಕೂಲೆಂಟ್ ಕಡೆ. ಬರಲಿಲ್ಲವೋ, ರಿಲೇ ಸಾಕೆಟ್‌ಗೆ ಹೋಗಿ. ಕೊನೆಯಲ್ಲಿ ಪಿ0118 ಎಂಬ ಕೋಡ್ ಉಳಿದಿರುತ್ತದೆ, ಅಳಿಸಿಬಿಡಿ. ಸ್ಕ್ಯಾನರ್‌ನಲ್ಲಿ ಆಕ್ಟಿವ್ ಟೆಸ್ಟ್ ಇದ್ದರೆ ಫ್ಯಾನ್ ಆನ್ ಎಂದು ನೇರ ಆಜ್ಞೆ ಕೊಡಬಹುದು, ಅದು ಇನ್ನೂ ಸ್ವಚ್ಛ ದಾರಿ.

ಸಾಕೆಟ್‌ನಲ್ಲಿ ಹೀಗೆ ಮುಂದುವರಿಯಿರಿ. ರಿಲೇ ಕಿತ್ತು, 30ರ ತೂತಿನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ ನೋಡಿ. ಇಲ್ಲದಿದ್ದರೆ ಫ್ಯೂಸ್ ಅಥವಾ ಅದಕ್ಕೆ ಬರುವ ವೈರ್. ಇದ್ದರೆ, ಫ್ಯೂಸ್ ಇರುವ ದಪ್ಪ ವೈರ್ ತುಂಡಿನಿಂದ 30 ಮತ್ತು 87 ಸೇರಿಸಿ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಬೇಕು. ತಿರುಗದಿದ್ದರೆ ಫ್ಯಾನ್ ಕಪ್ಲರ್ ಬಿಚ್ಚಿ ನೋಡಿ. ಕರಗಿ ಕಂದಾದ ಪ್ಲಾಸ್ಟಿಕ್, ಕಪ್ಪಾದ ಪಿನ್ ತುಂಬಾ ಸಲ ಸಿಗುತ್ತವೆ. ಕಪ್ಲರ್ ಚೆನ್ನಾಗಿದ್ದರೆ, ಬ್ಲೇಡಿನಿಂದ ಕೈ ದೂರವಿಟ್ಟು ಮೋಟರ್ ಬೆನ್ನಿಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿದರೆ ಕಾರ್ಬನ್ ಬ್ರಷ್ ಸವೆದಿದೆ, ಆ ಮೋಟರನ್ನು ಇನ್ನು ನಂಬಬೇಡಿ.

ಫ್ಯಾನ್ ತಿರುಗಿತೆಂದರೆ ಕರೆಂಟಿನ ದಾರಿ ಸರಿ, ಆಜ್ಞೆಯ ದಾರಿ ನೋಡಬೇಕು. ಕೀ ಆನ್ ಮಾಡಿ 86ರಲ್ಲಿ 12 ವೋಲ್ಟ್ ಇದೆಯೇ ಅಳೆಯಿರಿ. ನಂತರ ರಿಲೇಯನ್ನು ವಾಪಸ್ ಹಾಕಿ, 85ರ ವೈರಿಗೆ ಹಿಂದಿನಿಂದ ಮೀಟರ್ ಮುಳ್ಳು ಚುಚ್ಚಿ, ಇನ್ನೊಂದನ್ನು ಬ್ಯಾಟರಿ ಮೈನಸ್‌ಗೆ ಹಿಡಿಯಿರಿ. ಫ್ಯಾನ್‌ಗೆ ಆಜ್ಞೆ ಇಲ್ಲದಾಗ 12 ವೋಲ್ಟ್, ಇದ್ದಾಗ 1 ವೋಲ್ಟಿಗಿಂತ ಕಡಿಮೆ ಓದಬೇಕು. ಆಜ್ಞೆ ಕೊಟ್ಟರೂ 12 ವೋಲ್ಟ್ ಹಾಗೇ ನಿಂತಿದ್ದರೆ ಇಸಿಯು ಅರ್ತ್ ಕೊಡುತ್ತಿಲ್ಲ, ಅಥವಾ ನಡುವಿನ ವೈರ್ ತುಂಡಾಗಿದೆ. ಯಾವಾಗಲೂ ಸೊನ್ನೆ ಇದ್ದು ಫ್ಯಾನ್ ಬಾರದಿದ್ದರೆ ಕಾಯಿಲ್ ತುಂಡು ಅಥವಾ 86ರ ಪ್ಲಸ್ ಇಲ್ಲ. ಸೊನ್ನೆ ಬಿದ್ದು, ರಿಲೇ ಟಕ್ ಎಂದು, 87ರಲ್ಲಿ ಮಾತ್ರ ಏನೂ ಇಲ್ಲವೆಂದರೆ ರಿಲೇಯ ಕಾಂಟ್ಯಾಕ್ಟ್ ಸುಟ್ಟಿದೆ. ಟಕ್ ಸದ್ದು ಕಾಯಿಲ್ ಬದುಕಿದೆ ಎನ್ನುತ್ತದೆ ಅಷ್ಟೆ, ಕಾಂಟ್ಯಾಕ್ಟ್ ಬಗ್ಗೆ ಏನೂ ಹೇಳುವುದಿಲ್ಲ.

ಇಸಿಯು ಸತ್ತಿದೆ ಎಂಬ ತೀರ್ಪು ಕಟ್ಟಕಡೆಗೆ. ಅದಕ್ಕೂ ಮೊದಲು ಇಸಿಯು ಕಪ್ಲರ್‌ನ ಪಿನ್ ಹಸಿರಾಗಿದೆಯೇ, ಆ ಪಿನ್ನಿನಿಂದ ರಿಲೇ 85ರವರೆಗೆ ವೈರ್ ಅಖಂಡವಾಗಿದೆಯೇ, ಇಸಿಯುವಿನ ಸ್ವಂತ ಅರ್ತ್‌ಗಳು ಗಟ್ಟಿಯಿವೆಯೇ ನೋಡಿ. ಎಲ್ಲ ಸರಿಯಿದ್ದು, ಸ್ಕ್ಯಾನರ್ ಫ್ಯಾನ್ ಆನ್ ಎಂದು ತೋರಿಸುತ್ತಿದ್ದು, ಪಿನ್ನಿನಲ್ಲೇ ಅರ್ತ್ ಸಿಗದಿದ್ದರೆ ಡ್ರೈವರ್ ಹೋಗಿದೆ. ಇಸಿಯು ರಿಪೇರಿಗೆ ಕೊಡುವ ಮುನ್ನ ಅದನ್ನು ಸುಟ್ಟದ್ದು ಯಾವುದು ಎಂದು ಕಂಡುಹಿಡಿಯಿರಿ. ಶಾರ್ಟ್ ಆದ ಕಾಯಿಲ್ ಅಥವಾ ತಿರುಗಿಸಿ ಹಾಕಿದ ಡಯೋಡ್ ರಿಲೇ ಅಲ್ಲೇ ಇದ್ದರೆ ರಿಪೇರಿಯಾಗಿ ಬಂದ ಇಸಿಯುವೂ ಮತ್ತೆ ಸುಡುತ್ತದೆ.

ತಿರುಗುತ್ತದೆ, ಆದರೆ ಸೋತಂತೆ

ಇದು ನನ್ನನ್ನು ಎರಡು ದಿನ ಕಾಡಿದ ದೋಷ. ಫ್ಯಾನ್ ಕಪ್ಲರ್ ಬಿಚ್ಚಿ ಅಳೆದರೆ 12.6 ವೋಲ್ಟ್, ಚೊಕ್ಕವಾಗಿ. ಹಾಕಿದರೆ ಫ್ಯಾನ್ ನಿದ್ದೆಗಣ್ಣಿನಲ್ಲಿ ತಿರುಗುತ್ತದೆ. ಮೋಟರ್ ಬದಲಿಸಿದೆ, ಹಾಗೇ. ರಿಲೇ ಬದಲಿಸಿದೆ, ಹಾಗೇ. ಕೊನೆಗೆ ಫ್ಯಾನ್ ಓಡುತ್ತಿರುವಾಗಲೇ ಮೋಟರ್ ಮೈನಸ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ ಮೀಟರ್ ಹಿಡಿದೆ: ಸುಮಾರು 3 ವೋಲ್ಟ್. ಅರ್ತ್ ಲಗ್ ಪೇಂಟ್ ಮೇಲೆ ಕೂತಿತ್ತು, ಬೋಲ್ಟಿನ ಎಳೆ ಮೂಲಕ ಮಾತ್ರ ಒಂದಿಷ್ಟು ಕರೆಂಟು ನುಸುಳುತ್ತಿತ್ತು. ಐದು ನಿಮಿಷ ಕೆರೆದು ಬಿಗಿದೆ, ಫ್ಯಾನ್ ಹಾರುವಂತೆ ತಿರುಗಿತು.

ಅಂದಿನಿಂದ ಹೊರೆಯಿಲ್ಲದೆ ಅಳೆದ ವೋಲ್ಟೇಜನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಎಳೆ ತಾಮ್ರ ಉಳಿದ ವೈರೂ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಫ್ಯಾನ್ ಓಡುತ್ತಿರಲಿ, ಆಗ ಅಳೆಯಿರಿ. ಬ್ಯಾಟರಿ ಪ್ಲಸ್‌ನಿಂದ ಫ್ಯಾನ್ ಪ್ಲಸ್ ಪಿನ್ನಿಗೆ ಅರ್ಧ ವೋಲ್ಟಿಗಿಂತ ಕಡಿಮೆ, ಫ್ಯಾನ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 0.2ರ ಆಸುಪಾಸು, ರಿಲೇಯ 30ರಿಂದ 87ಕ್ಕೆ 0.2ಕ್ಕಿಂತ ಕಡಿಮೆ. ಹೆಚ್ಚು ಬಂದ ಕಡೆ ಮುಳ್ಳುಗಳನ್ನು ಹತ್ತಿರ ತರುತ್ತ ಹೋಗಿ, ಹಾಳಾದ ಜಾಯಿಂಟ್ ತಾನೇ ಸಿಗುತ್ತದೆ.

ತಡವಾಗಿ ಬರುತ್ತದೆ, ನಿಲ್ಲುವುದೇ ಇಲ್ಲ, ಫ್ಯೂಸ್ ಹಾರುತ್ತದೆ

ತಡವಾಗಿ ಬಂದರೆ ಸೆನ್ಸರ್ ನೋಡಿ. ಬಿಸಿ ಏರಿದಂತೆ ಅದರ ಓಮ್ ಇಳಿಯುತ್ತದೆ: ಬಹಳಷ್ಟು ಸೆನ್ಸರ್‌ಗಳು 20 ಡಿಗ್ರಿಯಲ್ಲಿ 2,200ರಿಂದ 2,500 ಓಮ್, 80ರಲ್ಲಿ ಸುಮಾರು 300, 100ರಲ್ಲಿ ಸುಮಾರು 180. ಕೆಟಲ್ ನೀರಿನಲ್ಲಿ ಮುಳುಗಿಸಿ ನೋಡಬಹುದು. ಇನ್ನೂ ಸುಲಭದ್ದು: ರಾತ್ರಿಯಿಡೀ ನಿಂತ ಗಾಡಿಗೆ ಬೆಳಗ್ಗೆ ಸ್ಕ್ಯಾನರ್ ಹಾಕಿ. ಕೂಲೆಂಟ್ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಒಂದೆರಡು ಡಿಗ್ರಿಯೊಳಗೆ ಹೊಂದಬೇಕು. ಡ್ಯಾಶ್‌ಬೋರ್ಡ್ ಮುಳ್ಳನ್ನು ಸಾಕ್ಷಿಗೆ ಕರೆಯಬೇಡಿ, ಕೆಲವು ಗಾಡಿಗಳಲ್ಲಿ ಅದಕ್ಕೆ ಬೇರೆಯೇ ಸೆನ್ಸರ್ ಇರುತ್ತದೆ.

ಸೆನ್ಸರ್ ಚೆನ್ನಾಗಿದ್ದೂ ಸುಳ್ಳು ಹೇಳುವ ಸಂದರ್ಭವೊಂದಿದೆ. ಕೂಲೆಂಟ್ ಕಡಿಮೆಯಾಗಿ ಅಥವಾ ಗಾಳಿ ಸಿಕ್ಕಿಕೊಂಡು ಸೆನ್ಸರ್ ತುದಿ ನೀರಿನ ಬದಲು ಗಾಳಿಯಲ್ಲಿ ನಿಂತರೆ, ಇಂಜಿನ್ ಕುದಿಯುತ್ತಿದ್ದರೂ ಅದು ಕಡಿಮೆ ಬಿಸಿಯನ್ನೇ ವರದಿ ಮಾಡುತ್ತದೆ. ಇಸಿಯು ಫ್ಯಾನ್ ಹಾಕುವುದಿಲ್ಲ. ಕೂಲೆಂಟ್ ಬದಲಿಸಿದ ಮರುದಿನವೇ ಫ್ಯಾನ್ ಕೆಟ್ಟಿತು ಎಂದು ಬರುವ ಗಾಡಿಗಳಲ್ಲಿ ವೈರ್ ಮುಟ್ಟುವ ಮೊದಲು ಗಾಳಿ ತೆಗೆಯಿರಿ.

ನಿಲ್ಲದ ಫ್ಯಾನ್‌ಗೆ ರಿಲೇ ಕಿತ್ತು ನೋಡಿ. ಕಿತ್ತರೂ ಓಡುತ್ತಿದ್ದರೆ 87ರ ಕಡೆಯ ವೈರಿಗೆ ಬೇರೆಲ್ಲಿಂದಲೋ ಪ್ಲಸ್ ತಾಗುತ್ತಿದೆ. ಕಿತ್ತಾಗ ನಿಂತರೆ, ಒಂದೋ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಇಲ್ಲವೇ 85ರ ವೈರ್ ಎಲ್ಲೋ ಬಾಡಿಗೆ ತಾಗಿದೆ, ಇಲ್ಲವೇ ಇಸಿಯು ಬೇಕೆಂದೇ ಹಾಕಿದೆ. ಕೊನೆಯದಕ್ಕೆ ಕಾರಣ ಸೆನ್ಸರ್ ಕೋಡ್ ಅಥವಾ ಏಸಿ ಒತ್ತಡ. ಇಂಜಿನ್ ಆಫ್ ಆದ ಮೇಲೆ ಸ್ವಲ್ಪ ಹೊತ್ತು ಓಡುವುದು ನಿಮ್ಮ ಗಾಡಿಯ ಸಹಜ ನಡವಳಿಕೆಯೇ ಎಂಬುದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿಬಿಡಿ.

ಫ್ಯೂಸ್ ಯಾವಾಗ ಹಾರುತ್ತದೆ ಎಂಬುದರಲ್ಲೇ ಉತ್ತರವಿದೆ. ಹಾಕಿದ ಕ್ಷಣವೇ ಹಾರಿದರೆ 30ರ ಕಡೆಯ ವೈರ್ ಬಾಡಿಗೆ ತಾಗಿದೆ. ಫ್ಯಾನ್ ಶುರುವಾಗುವಾಗ ಹಾರಿದರೆ ಮೋಟರ್ ಬಿಗಿಹಿಡಿದಿದೆ, ಬ್ಲೇಡ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ಹತ್ತು ನಿಮಿಷ ಓಡಿ ಹಾರಿದರೆ ಬೇರಿಂಗ್ ಸವೆದು ಕರೆಂಟು ಹೆಚ್ಚಾಗಿದೆ, ಕ್ಲಾಂಪ್ ಮೀಟರ್ ಹಿಡಿದು ಅಳೆಯಿರಿ.

ರಿಪೇರಿ ಮುಗಿದ ಮೇಲೆ ಬಾನೆಟ್ ಮುಚ್ಚಿಬಿಡಬೇಡಿ. ಗಾಡಿಯನ್ನು ನಿಂತಲ್ಲೇ ಓಡಿಸಿ, ಸ್ಕ್ಯಾನರ್‌ನಲ್ಲಿ ಬಿಸಿ ನೋಡುತ್ತ ಫ್ಯಾನ್ ಮೂರು ಸಲ ಬಂದು ಮೂರು ಸಲ ನಿಲ್ಲುವವರೆಗೆ ಕಾಯಿರಿ. ನಂತರ ಇಂಜಿನ್ ನಿಲ್ಲಿಸಿ, ಫ್ಯಾನ್ ಫ್ಯೂಸ್ ತೆಗೆದು, ಕಪ್ಲರ್, ರಿಲೇ, ಫ್ಯೂಸ್ ಹೋಲ್ಡರ್, ಅರ್ತ್ ಬೋಲ್ಟ್ ಒಂದೊಂದನ್ನೂ ಬೆರಳಿನಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಸುಡುವ ಜಾಯಿಂಟ್ ಇದ್ದರೆ ಅದನ್ನು ಇವತ್ತೇ ಬಿಚ್ಚಿ ಹೊಸದಾಗಿ ಮಾಡಿ.